ಹಾಡಿಗಿಂತ ಮೊದಲು ಹೆಸರು

ಝುಮ್ರಿ ತಿಲೈಯಾ ಅನ್ನೋ ಊರಿನ ಹೆಸರು ಕೇಳಿದೀರಾ? ಇವತ್ತಿನ ಜಾರ್ಖಂಡ್‌ನ ಪುಟ್ಟ ಪಟ್ಟಣ. ಅಭ್ರಕ, ಅಂದ್ರೆ ಕಾಗೆಬಂಗಾರದ ಗಣಿಗಳ ಊರು. ಆದರೆ ದೇಶಕ್ಕೆಲ್ಲ ಅದು ಪರಿಚಯವಾಗಿದ್ದು ಗಣಿಯಿಂದಲ್ಲ, ಅಂಚೆ ಕಾರ್ಡಿನಿಂದ! ರೇಡಿಯೋ ಸಿಲೋನ್‌ಗೆ, ವಿವಿಧ ಭಾರತಿಗೆ ಅಲ್ಲಿನ ಜನ ರಾಶಿ ರಾಶಿ ಕಾರ್ಡು ಬರೆದು ಹಾಡು ಕೇಳ್ತಿದ್ರು. ಅವರಿಗೆ ಹಾಡಿನಷ್ಟೇ ಮುಖ್ಯವಾಗಿದ್ದು, ಹಾಡಿಗೆ ಮೊದಲು ರೇಡಿಯೋದಲ್ಲಿ ಬರುತ್ತಿದ್ದ ತಮ್ಮ ಹೆಸರು, ತಮ್ಮೂರಿನ ಹೆಸರು.

ಗುಟ್ಟು ಇರೋದೇ ಇಲ್ಲಿ. ಹಾಡು ಈಗ ಮೊಬೈಲ್‌ನಲ್ಲಿ ಬೇಕಾದಷ್ಟು ಸಿಗುತ್ತೆ. ನಮ್ಮನ್ನು ಗುರುತು ಹಿಡಿದು ಮಾತಾಡಿಸುವ ದನಿ ಸಿಗಲ್ಲ. 1952ರಲ್ಲಿ ಶುರುವಾದ ಬಿನಾಕಾ ಗೀತಮಾಲಾದ ಅಮೀನ್ ಸಯಾನಿ ಅಣ್ಣತಮ್ಮಂದಿರಿಗಿಂತ ಮೊದಲು ಅಕ್ಕತಂಗಿಯರನ್ನು ಕರೆದು, ‘ನಿಮ್ಮ ಗೆಳೆಯ’ ಅಂತಲೇ ಮಾತು ಶುರು ಮಾಡ್ತಿದ್ರು. ನಮ್ಮ ಮೈಸೂರಿನಲ್ಲಿ 1935ರಲ್ಲಿ ಸ್ವಂತ ಮನೆಯಲ್ಲೇ ‘ಆಕಾಶವಾಣಿ’ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರು. ಕೇಳುವ ಮನಸ್ಸನ್ನು ಬಲ್ಲವರು ಕಟ್ಟಿದ ಮಾಧ್ಯಮ ಇದು.

ಇವತ್ತಿನ ಎಫ್‌ಎಂಗಳಲ್ಲಿ ಹಾಡಿದ್ದೇ ಹಾಡು, ನಕ್ಕಿದ್ದೇ ನಗು. ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಓದುವಂತಿಲ್ಲ, ನಿಜ. ಆದರೆ ಕೇಳುಗರ ಪತ್ರ ಓದೋದಕ್ಕೆ, ಬಸ್ ಕಂಡಕ್ಟರ್‌ಗೋ ಹೂ ಮಾರುವ ಅಜ್ಜಿಗೋ ಎರಡು ನಿಮಿಷ ಮೈಕ್ ಕೊಡೋದಕ್ಕೆ, ಅದನ್ನೇ ದಿನಾ ಅದೇ ಹೊತ್ತಿಗೆ ತಪ್ಪದೆ ಮಾಡೋದಕ್ಕೆ ಯಾವ ನಿಯಮ ಅಡ್ಡಿ? ಹೊತ್ತು ತಪ್ಪದಿದ್ದರೆ ಅಭ್ಯಾಸ ಆಗುತ್ತೆ. ತಮ್ಮವರ ದನಿ ಬಂದರೆ ನೆನಪಾಗಿ ಉಳಿಯುತ್ತೆ.

ದಿನಾ ರಾತ್ರಿ ಕ್ಯಾಮೆರಾ ಮುಂದೆ ‘ವೀಕ್ಷಕರೇ’ ಅಂತ ಲಕ್ಷಾಂತರ ಜನರನ್ನು ಒಟ್ಟಿಗೇ ಕೂಗುವ ನಾನು ಈ ಪಾಠ ಹೇಳ್ತಿದೀನಿ. ಮೊದಲು ಕಲಿಯಬೇಕಾದವನೂ ನಾನೇ.