ಬರಿದಾದ ಸೀಸೆಯ ಮರುಬಾಳು

ನಮ್ಮ ಅಜ್ಜಿಯ ಮನೆಯಲ್ಲಿ ಖಾಲಿ ಸೀಸೆಗೆ ಒಂದು ಮರ್ಯಾದೆಯಿತ್ತು. ಔಷಧಿ ತೀರಿದ ಗಾಜಿನ ಸೀಸೆ ಹರಳೆಣ್ಣೆಗೆ ಆಶ್ರಯವಾಗುತ್ತಿತ್ತು. ಬಾಯಿ ಒಡೆದ ಮಡಕೆ ದೊಡ್ಡಪತ್ರೆಯ ಗಿಡಕ್ಕೆ ನೆಲೆಯಾಗುತ್ತಿತ್ತು. ಬಿಸಾಡುವ ಮಾತನ್ನು ಅಜ್ಜಿ ಸುಲಭವಾಗಿ ಆಡುತ್ತಿರಲಿಲ್ಲ. ಇಂದು ಪ್ರಯಾಣದ ನೀರಡಿಕೆಗೆಂದು ನಾವು ಕೊಳ್ಳುವ ಪ್ಲಾಸ್ಟಿಕ್ ಸೀಸೆಯ ಉಪಯೋಗವಾದರೋ ಒಂದು ನಿಲ್ದಾಣದಿಂದ ಮತ್ತೊಂದು ನಿಲ್ದಾಣದವರೆಗೆ ಮಾತ್ರ. ಉಪಯೋಗ ಮುಗಿದರೂ ವಸ್ತು ಮುಗಿಯುವುದಿಲ್ಲ ಎಂಬುದೇ ಇಲ್ಲಿನ ತೊಡಕು.

ಈ ಸೀಸೆಯ ಮೂಲದ್ರವ್ಯಕ್ಕೆ ಪಾಲಿಎಥಿಲೀನ್ ಟೆರೆಫ್ತಲೇಟ್ ಎಂದು ಹೆಸರು, ಚುಟುಕಾಗಿ ‘ಪೆಟ್’. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಮೊದಲು ಇದು ನೂಲಾಯಿತು. ಒಂದು ಕಾಲಕ್ಕೆ ನಮ್ಮವರು ಹೆಮ್ಮೆಯಿಂದ ತೊಟ್ಟ ಟೆರಿಕಾಟ್ ಅಂಗಿಯೂ ಈ ಸೀಸೆಯೂ ದಾಯಾದಿಗಳು! ಸೀಸೆಯ ರೂಪಕ್ಕೆ ಅಮೆರಿಕದ ನಥಾನಿಯಲ್ ವಯೆತ್ ಹಕ್ಕುಪತ್ರ ಪಡೆದದ್ದು 1973ರಲ್ಲಿ. ಹಗುರ, ಗಟ್ಟಿ, ಪಾರದರ್ಶಕ, ಕೊಳೆಯದು: ಇವು ಅದರ ಗುಣಗಳು. ಸುಮಾರು 70–80 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮೆತ್ತಗಾಗುವುದು ಅದರ ದೌರ್ಬಲ್ಯ. ಆದ್ದರಿಂದ ಕುದಿಯುವ ಸಾರನ್ನಾಗಲಿ ಕಾದ ಎಣ್ಣೆಯನ್ನಾಗಲಿ ಅದಕ್ಕೆ ಸುರಿಯಬಾರದು.

ಗುಣವನ್ನರಿತರೆ ಕೆಲಸ ತಾನೇ ಹೊಳೆಯುತ್ತದೆ. ಸೀಸೆಯ ಕತ್ತನ್ನು ಕತ್ತರಿಸಿ ತಲೆಕೆಳಗು ಮಾಡಿದರೆ ಲಾಳಿಕೆ ಸಿದ್ಧ. ತಳಭಾಗಕ್ಕೆ ನಾಲ್ಕು ತೂತು ಕೊರೆದು ಮಣ್ಣು ತುಂಬಿದರೆ ಕೊತ್ತಂಬರಿಗೆ ಕುಂಡ. ತಳ ತೆಗೆದ ಸೀಸೆಯನ್ನು ಎಳೆಯ ಸಸಿಯ ಮೇಲೆ ಕವುಚಿದರೆ ಒಳಗಿನ ತೇವ ಆರದು. ಬಿಸಿಲು ಏರಿದಾಗ ಮಾತ್ರ ಮುಚ್ಚಳ ತೆಗೆದಿಡಬೇಕು.

ಇವೆಲ್ಲಕ್ಕಿಂತ ನನಗೆ ಮೆಚ್ಚಿಕೆಯಾದದ್ದು ನೀರುಣಿಸುವ ಉಪಾಯ. ಮುಚ್ಚಳದಲ್ಲಿ ದಬ್ಬಣದಿಂದ ಒಂದೆರಡು ಸಣ್ಣ ತೂತು ಮಾಡಿ, ತಳ ಕತ್ತರಿಸಿ, ಸೀಸೆಯನ್ನು ತಲೆಕೆಳಗಾಗಿ ಗಿಡದ ಬುಡದ ಬಳಿ ಹೂಳಿ ನೀರು ತುಂಬಿ. ನೀರು ಹನಿಹನಿಯಾಗಿ ಬೇರಿಗೇ ಇಳಿಯುತ್ತದೆ. ಬಿಸಿಲಿಗೆ ಆರಿಹೋಗುವ ನಷ್ಟ ಕಡಿಮೆ. ಮಣ್ಣಿನ ಮಡಕೆಯನ್ನು ಗಿಡದ ಪಕ್ಕದಲ್ಲಿ ಹೂಳಿ ನೀರೂಡಿಸುತ್ತಿದ್ದ ಹಳೆಯ ಬೇಸಾಯದ ಜಾಣ್ಮೆಯೇ ಇಲ್ಲಿ ಹೊಸ ವೇಷದಲ್ಲಿ ಬಂದಿದೆ. ತೆರೆದ ಬಾಯಿಗೆ ತೆಳುಬಟ್ಟೆ ಕಟ್ಟುವುದನ್ನು ಮಾತ್ರ ಮರೆಯಬೇಡಿ. ಡೆಂಗ್ಯೂ ಹರಡುವ ಸೊಳ್ಳೆಗೆ ಬೊಗಸೆ ನೀರೇ ಸಾಕು. ಮೊಟ್ಟೆ ರೆಕ್ಕೆ ಪಡೆಯಲು ಸುಮಾರು ಒಂದು ವಾರದಿಂದ ಹತ್ತು ದಿನ.

ಬ್ರೆಜಿಲ್ ದೇಶದ ಆಲ್ಫ್ರೆಡೊ ಮೋಸರ್ ಎಂಬ ಯಂತ್ರಕರ್ಮಿ 2002ರಲ್ಲಿ ಇಂಥದೇ ಸೀಸೆಗೆ ನೀರು ತುಂಬಿ, ಪಾಚಿ ಕಟ್ಟದಂತೆ ಕೊಂಚ ಬ್ಲೀಚ್ ಬೆರೆಸಿ, ಸೂರಿನ ರಂಧ್ರದಲ್ಲಿ ಕೂರಿಸಿದ. ಬಿಸಿಲು ನೀರಿನಲ್ಲಿ ಚದುರಿ ಕತ್ತಲ ಕೋಣೆಗೆ ಹಗಲಿನ ಬೆಳಕು ತಂದಿತು. ವಿದ್ಯುತ್ತಿನ ಖರ್ಚಿಲ್ಲದ ದೀಪ ಅದು.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾರೆ. ಒಮ್ಮೆ ನಮ್ಮ ನೆರೆಮನೆಯಲ್ಲಿ ನೀರಿನ ಸೀಸೆಗೆ ಫಿನೈಲ್ ಸುರಿದು ಬಚ್ಚಲ ಮೂಲೆಯಲ್ಲಿಟ್ಟಿದ್ದರು. ಆಟವಾಡಿ ದಣಿದು ಬಂದ ಮಗು ಅದನ್ನೆತ್ತಿ ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ಅದರ ಅಜ್ಜಿ ವಾಸನೆ ಹಿಡಿದು ಕಸಿದುಕೊಂಡರು. ತಪ್ಪು ಮಗುವಿನದಲ್ಲ, ಆ ಆಕಾರವನ್ನು ನೀರೆಂದು ಅದಕ್ಕೆ ಕಲಿಸಿದವರು ನಾವೇ. ಸೀಮೆಎಣ್ಣೆ, ಫಿನೈಲ್, ಕೀಟನಾಶಕಗಳನ್ನು ಕುಡಿಯುವ ಸೀಸೆಯಲ್ಲಿ ಎಂದಿಗೂ ಇಡಬೇಡಿ. ಅಕಸ್ಮಾತ್ ಯಾರಾದರೂ ಕುಡಿದರೆ ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಇಷ್ಟೆಲ್ಲ ಉಪಾಯಗಳಿಂದ ನಾವು ಸೀಸೆಯ ಆಯುಷ್ಯವನ್ನು ಹಿಗ್ಗಿಸುತ್ತೇವೆಯೇ ಹೊರತು ಅದನ್ನು ಇಲ್ಲವಾಗಿಸುವುದಿಲ್ಲ. ಬಿಸಿಲಿಗೆ ಬಿರುಸಾಗಿ ಬಿರುಕು ಬಿಡುವ ಮುನ್ನ ಅದನ್ನು ಗುಜರಿಯವನಿಗೆ ಕೊಡಿ; ಕರಗಿ ಮತ್ತೆ ನೂಲಾಗುವ ಯೋಗ ಅದಕ್ಕಿದೆ. ಸುಡಬೇಡಿ, ಆ ಹೊಗೆ ನಮ್ಮ ಉಸಿರಿಗೇ ಸೇರುತ್ತದೆ. ಮುಂದಿನ ಪ್ರಯಾಣಕ್ಕೆ ಹೊರಡುವಾಗ ಮನೆಯ ನೀರನ್ನೇ ಚೊಂಬಿನಲ್ಲೋ ಕೂಜದಲ್ಲೋ ತುಂಬಿಕೊಂಡರೆ ಇನ್ನೂ ಲೇಸು. ಕೊಳ್ಳದ ಸೀಸೆಗೆ ಮರುಬಾಳಿನ ಚಿಂತೆಯಿಲ್ಲ.