ಆಚರಣೆ ಮತ್ತು ಆಚಾರನಿಷ್ಠೆ

ಸೆಪ್ಟೆಂಬರ್ 8, ಮೊಂತಿ ಫೆಸ್ತ್. ಕರಾವಳಿಯ ನಮ್ಮ ಮಕ್ಕಳು ಹೂವಿನ ಬುಟ್ಟಿ ಹಿಡಿದು ಮರಿಯಮ್ಮನವರ ಬಳಿಗೆ ಹೋಗುತ್ತಾರೆ. ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಮನೆಯವರೆಲ್ಲ ಒಟ್ಟಿಗೆ ಕುಳಿತು ಹೊಸಕ್ಕಿ ಊಟ ಮಾಡುತ್ತೇವೆ.

ಅದೇ ಸೆಪ್ಟೆಂಬರ್ ತಿಂಗಳು, 2021ನೇ ಇಸವಿ. ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ತಂದೆಯೊಬ್ಬರು ಮಗನ ಹುಟ್ಟುಹಬ್ಬದಂದು ಹನುಮಂತನ ಗುಡಿಯ ಹೊರಗೆ ನಿಂತು ಕೈಮುಗಿಯುತ್ತಿದ್ದರು. ಪುಟ್ಟ ಮಗು ಒಳಗೆ ಓಡಿತು. ಗುಡಿ ಮೈಲಿಗೆಯಾಯಿತು, ಶುದ್ಧೀಕರಣಕ್ಕೆ 25,000 ರೂಪಾಯಿ ಕೊಡಬೇಕು ಎಂದು ಊರಿನ ಕೆಲವರು ಪಟ್ಟು ಹಿಡಿದರು. ಬಳಿಕ ಪೊಲೀಸರು ಐವರನ್ನು ಬಂಧಿಸಿದರು.

ಪ್ರಿಯ ವಿಶ್ವಾಸಿಗಳೇ, ಎರಡೂ ಕಡೆ ಇರುವುದು ವಿಧಿಯೇ. ವ್ಯತ್ಯಾಸ ಎಲ್ಲಿದೆ?

ಆಚರಣೆ ಎಂದರೆ ಒಳಗಿನ ವಿಶ್ವಾಸಕ್ಕೆ ಹೊರಗಿನ ರೂಪ. ನೀರು, ರೊಟ್ಟಿ, ಎಣ್ಣೆ, ದೀಪಗಳಿಲ್ಲದೆ ಮನುಷ್ಯನ ಭಕ್ತಿಗೆ ಮಾತು ಬಾರದು. ಆದರೆ ವಿಧಿಯನ್ನು ಚಾಚೂ ತಪ್ಪದೆ ಮುಗಿಸಿದರೆ ಸಾಕು, ಎದುರಿಗಿರುವ ಮನುಷ್ಯ ಮುಖ್ಯನಲ್ಲ ಎಂಬ ಹಂತ ತಲುಪಿದಾಗ ಅದು ಆಚಾರನಿಷ್ಠೆಯಾಗುತ್ತದೆ.

ಇದು ಪರರ ದೋಷವೆಂದು ನಾವು ಬೆರಳು ತೋರಿಸುವಂತಿಲ್ಲ. ಕೊರಿಂಥದ ಸಭೆಯಲ್ಲಿ ಪ್ರಭುವಿನ ಭೋಜನಕ್ಕೆ ಸೇರಿದಾಗ ಕೆಲವರು ಹೊಟ್ಟೆ ತುಂಬ ಉಂಡರು, ಬಡವರು ಹಸಿದು ಕುಳಿತರು. ಸಂತ ಪೌಲರು ಅದನ್ನು ಪ್ರಭುವಿನ ಭೋಜನವೆಂದು ಕರೆಯಲು ಒಪ್ಪಲಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 2016ರಲ್ಲಿ ದಲಿತ ಸಬಲೀಕರಣದ ನೀತಿಯನ್ನು ಪ್ರಕಟಿಸಿದಾಗ, ಧರ್ಮಸಭೆಯೊಳಗೂ ಜಾತಿಭೇದ ಇರುವುದನ್ನು ಒಪ್ಪಿಕೊಂಡರು.

ಹಾಗೆಂದು ಆಚರಣೆಗಳನ್ನು ಕೈಬಿಡಬೇಕೇ? ಬೇಡ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೈವಾರಾಧನೆಯ ಕುರಿತ ದಾಖಲೆಯಲ್ಲಿ ವಿಧಿಗಳನ್ನು ತೆಗೆದುಹಾಕಲಿಲ್ಲ. ವಿಶ್ವಾಸಿಗಳು ಅರಿತು, ಪೂರ್ಣವಾಗಿ, ಸಕ್ರಿಯವಾಗಿ ಭಾಗವಹಿಸಬೇಕೆಂದಿತು. ಕಾಣಿಕೆ ಅರ್ಪಿಸುವ ಮೊದಲು ಸಹೋದರನೊಡನೆ ರಾಜಿಯಾಗಬೇಕೆಂದು ಯೇಸುಸ್ವಾಮಿ ಬೋಧಿಸಿದ್ದೂ ಇದೇ ಅರ್ಥದಲ್ಲಿ. ಅವರು ಕಾಣಿಕೆಯನ್ನು ಬೇಡವೆನ್ನಲಿಲ್ಲ, ಮರಳಿ ಬಂದು ಅರ್ಪಿಸಲು ಹೇಳಿದರು.

ನಮ್ಮ ಧರ್ಮಕೇಂದ್ರಗಳಲ್ಲಿ ನಾವೇ ಕೇಳಿಕೊಳ್ಳೋಣ:

1. ಹಬ್ಬದ ಅಲಂಕಾರ, ಸಿಡಿಮದ್ದಿಗೆ ಖರ್ಚು ಮಾಡುವಾಗ ಅದೇ ವಾಳೆಯ ರೋಗಿಯ ನೆನಪಾಗುತ್ತದೆಯೇ?
2. ಮದುವೆ, ಪ್ರಥಮ ಪರಮಪ್ರಸಾದದ ಆಡಂಬರಕ್ಕಾಗಿ ಬಡ ಕುಟುಂಬ ಸಾಲ ಮಾಡುವಂತಾಗಿದೆಯೇ?
3. ಬಲಿಪೂಜೆಗೆ ಬರಲು ಸಂಕೋಚಪಡುವವರು ಯಾರು? ಅವರನ್ನು ಹೊರಗೆ ನಿಲ್ಲಿಸಿದ್ದು ನಮ್ಮ ನೋಟವೇ?

ಮಿಯಾಪುರದ ಮಗುವಿಗೆ ಮೈಲಿಗೆ ಗೊತ್ತಿರಲಿಲ್ಲ, ದೇವರ ಬಳಿಗೆ ಓಡುವುದಷ್ಟೇ ಗೊತ್ತಿತ್ತು. ಮಕ್ಕಳನ್ನು ತಡೆಯಬೇಡಿ ಎಂದ ಪ್ರಭುವನ್ನು ಆರಾಧಿಸುವ ನಾವು, ಮುಂದಿನ ಭಾನುವಾರ ದೇವಾಲಯದ ಬಾಗಿಲ ಬಳಿ ಹಿಂದೆ ನಿಂತವರನ್ನು ಕೈಹಿಡಿದು ಮುಂದಿನ ಬೆಂಚಿಗೆ ಕರೆದುಕೊಂಡು ಬರೋಣ.