ಬೇಜಾರಿಗೆ ಎಷ್ಟು ಹೆಸರು? ಕುಡಿತ ಬಿಟ್ಟವರಿಗೆ ಭಾವನೆ ನಿಭಾಯಿಸಲು ಕಲಿಸುವ ಬಗ್ಗೆ

ಸಾಹಿತ್ಯದ ವಿದ್ಯಾರ್ಥಿಗೆ ಕುಡಿತದ ಚಿಕಿತ್ಸೆಯಲ್ಲಿ ಏನು ಕೆಲಸ ಅಂತ ನಿಮಗನ್ನಿಸಬಹುದು. ಆ ಚಿಕಿತ್ಸೆಯ ದೊಡ್ಡ ಭಾಗ ಮಾತಿನಲ್ಲೇ ನಡೆಯುತ್ತದೆ. ಹಾಗಾಗಿ ಅದು ನಮ್ಮ ವಿಷಯವೂ ಹೌದು.

ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಆದ್ದರಿಂದ ಮೊದಲ ಹಂತ ವೈದ್ಯರದ್ದು. ಅದು ದಾಟಿದ ಮೇಲೆ ಇನ್ನೊಂದು ಕಷ್ಟ ಎದುರಾಗುತ್ತದೆ. ಅಷ್ಟು ಕಾಲ ಸಿಟ್ಟಿಗೂ ಅವಮಾನಕ್ಕೂ ಒಂದೇ ಮದ್ದಿತ್ತು. ಈಗ ಆ ಮದ್ದಿಲ್ಲ, ಭಾವನೆಗಳು ಹಾಗೇ ಇವೆ. ಮತ್ತೆ ಕುಡಿತಕ್ಕೆ ಎಳೆಯುವ ಮುಖ್ಯ ಸನ್ನಿವೇಶಗಳನ್ನು ಅಲನ್ ಮಾರ್ಲಟ್ ಮತ್ತು ಜುಡಿತ್ ಗಾರ್ಡನ್ 1985ರ ತಮ್ಮ ಪುಸ್ತಕದಲ್ಲಿ ಹೀಗೆ ವಿಂಗಡಿಸಿದರು: ಅಹಿತಕರ ಭಾವನೆಗಳು, ಜಗಳ, ಜೊತೆಗಾರರ ಒತ್ತಾಯ.

ಹಾಗಾದರೆ ಕಲಿಸುವುದೇನು? ಮೊದಲನೆಯದು, ಹೆಸರಿಡುವುದು. "ಹೇಗಿದ್ದೀರಿ?" ಅಂದರೆ ನಮ್ಮ ಕಡೆ ಸಿಗುವ ಉತ್ತರ "ಬೇಜಾರು". ಅದರೊಳಗೆ ಮಗಳೆದುರು ತಲೆಯೆತ್ತಲಾಗದ ನಾಚಿಕೆ ಇರಬಹುದು, ಕೂಲಿ ಕೊಡದವನ ಮೇಲಿನ ಸಿಟ್ಟಿರಬಹುದು, ಸಂಜೆಯ ಒಂಟಿತನವಿರಬಹುದು, ಬರೀ ಹಸಿವೂ ಇರಬಹುದು. ಹಸಿವಿಗೆ ಗಂಜಿ ಸಾಕು, ಒಂಟಿತನಕ್ಕೆ ಒಬ್ಬ ಗೆಳೆಯ ಬೇಕು. ಯಾವುದೆಂದು ಗೊತ್ತಾಗದೆ ದಾರಿ ಸಿಗುವುದಿಲ್ಲ.

ಎರಡನೆಯದು, ಕಾಯುವುದು. ಕುಡಿಯುವ ಸೆಳೆತ ಅಲೆಯಂತೆ ಏರಿ ಇಳಿಯುತ್ತದೆ. ಅದರೊಡನೆ ಗುದ್ದಾಡದೆ, ಮೈಯಲ್ಲಿ ಅದು ಎಲ್ಲಿ ಕಾಣಿಸಿಕೊಳ್ಳುತ್ತಿದೆ ಎಂದು ಗಮನಿಸುತ್ತ, ಇಳಿಯುವವರೆಗೆ ಕೂರಲು ಮಾರ್ಲಟ್ ಕಲಿಸಿದರು. ಭರತನ ನಾಟ್ಯಶಾಸ್ತ್ರ ಓದಿದ ನಮಗೆ 33 ಸಂಚಾರಿ ಭಾವಗಳು ಗೊತ್ತು; ಚಿಂತೆ, ದೈನ್ಯ, ವ್ರೀಡೆ, ಮದ ಎಲ್ಲವೂ ಅಲ್ಲಿವೆ. ಅದು ರಂಗಕ್ಕಾಗಿ ಮಾಡಿದ ಪಟ್ಟಿ, ಚಿಕಿತ್ಸೆಯಲ್ಲ. ಆದರೂ "ಇದು ಸಂಚಾರಿ, ಬಂದು ಹೋಗುತ್ತದೆ" ಅನ್ನುವ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮೂರನೆಯದು, ಅಭ್ಯಾಸ. "ಬೇಡ ಮಾರಾಯ, ನಾನು ಬಿಟ್ಟಿದ್ದೇನೆ" ಅನ್ನುವುದನ್ನು ಮನಸ್ಸು ಶಾಂತವಾಗಿರುವಾಗಲೇ ಮತ್ತೆ ಮತ್ತೆ ಹೇಳಿ ರೂಢಿಸಿಕೊಳ್ಳಬೇಕು.

ಈ ಮೂರಕ್ಕೂ ಭಾಷೆ ಬೇಕು. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಮನೆಯೊಳಗೆ ಕನ್ನಡವೋ ತುಳುವೋ ಆಡುವವರು ಕೌನ್ಸೆಲಿಂಗಿಗೆ ಹೋದಾಗ ಮಲಯಾಳದಲ್ಲಿ ಮಾತಾಡಬೇಕಾಗಬಹುದು. ಬಸ್ಸು ಹತ್ತಲು, ಮದ್ದು ಕೇಳಲು ಬಂದಷ್ಟು ಮಲಯಾಳ ಸಾಕು. ಒಳಗಿನ ಮಾತಿಗೆ ಸಾಲುವುದಿಲ್ಲ. ಮಲಯಾಳದ 'ದೇಷ್ಯ' ಅಂದರೆ ಸಿಟ್ಟು; ಕನ್ನಡದ ಕಿವಿಗೆ ಅದು 'ದ್ವೇಷ'ದ ಹಾಗೆ ಕೇಳುತ್ತದೆ. "ಹೆಂಡತಿ ಮೇಲೆ ದೇಷ್ಯವಿದೆಯಾ?" ಅಂತ ಕೇಳಿದರೆ, ಸಿಟ್ಟಿರುವವನೂ "ಇಲ್ಲ" ಅಂದುಬಿಡಬಹುದು. ಅಲ್ಲಿಗೆ ಆ ಸಿಟ್ಟು ಹೇಳದೆಯೇ ಉಳಿಯಿತು.

ಸೊಲ್ಲಾಪುರದಲ್ಲಿ ಮರಾಠಿಯೊಡನೆ, ಹೊಸೂರಿನಲ್ಲಿ ತಮಿಳಿನೊಡನೆ ಬದುಕುವ ಗೆಳೆಯರೂ ಇಂಥ ಪದಗಳನ್ನು ಹುಡುಕಬಹುದು. ಜನ ಆಡುವ ಭಾವನೆಯ ಪದಗಳನ್ನು ಎರಡು ಭಾಷೆಗಳಲ್ಲಿ ಎದುರುಬದುರಿಟ್ಟು, ಎಲ್ಲಿ ಅರ್ಥ ಜಾರುತ್ತದೆಂದು ಗುರುತಿಸಿದ ಒಂದು ಪುಟ ಸಾಕು. ಅದು ಕೌನ್ಸೆಲರ್ ಮೇಜಿನ ಮೇಲಿದ್ದರೆ ಪ್ರಯೋಜನವಿದೆ. ಅದನ್ನು ಮಾಡಲು ಭಾಷೆ ಓದುವ ನಾವೇ ಸರಿಯಾದವರು.